ತೆಂಗಿನ ಮರ ಏರುವವರಿಗೆ ಪಾಲಕ ಸಂತರು ಯಾರು?

ಸಂತ ಪೇತ್ರರು ಮೀನುಗಾರರ ಪಾಲಕರು, ಸಂತ ಲೂಕರು ವೈದ್ಯರ ಪಾಲಕರು ಎಂದು ನಾವೆಲ್ಲರೂ ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಹಾಗಾದರೆ ದಿನವೂ ತೆಂಗಿನ ಮರ ಏರಿ ಬದುಕುವವರಿಗೆ ಯಾರು? ಉತ್ತರ ಹುಡುಕುವ ಮೊದಲು, ಪಾಲಕ ಸಂತರು ಹೇಗೆ ನೇಮಕವಾಗುತ್ತಾರೆ ಎಂಬುದನ್ನು ತಿಳಿಯೋಣ.

ನಂಟು ಬೆಳೆಯುವ ಬಗೆ

ಕೆಲವರು ತಾವು ಮಾಡಿದ ಕೆಲಸದಿಂದಲೇ ಪಾಲಕರಾದರು. ಪೇತ್ರರು ಬಲೆ ಬೀಸಿದವರು. ಲೂಕರನ್ನು ಸಂತ ಪೌಲರು ವೈದ್ಯರೆಂದೇ ಕರೆದಿದ್ದಾರೆ.

ಕೆಲವರು ಮರಣದ ರೀತಿಯಿಂದ ಪಾಲಕರಾದರು. ನಮ್ಮ ಕಾರ್ಕಳ ಅತ್ತೂರಿನ ಬಸಿಲಿಕಾದಲ್ಲಿ ನಾವು ಗೌರವಿಸುವ ಸಂತ ಲಾರೆನ್ಸರು ಕ್ರಿ.ಶ. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದರು. ಅವರನ್ನು ಕಬ್ಬಿಣದ ಜಾಲರಿಯ ಮೇಲೆ ಸುಡಲಾಯಿತು ಎಂಬುದು ಪರಂಪರೆ. ಆದ್ದರಿಂದ ಅಡುಗೆಯವರು ಅವರನ್ನು ತಮ್ಮವರೆಂದರು.

ಸೇವೆಯಿಂದ ಪಾಲಕರಾದವರೂ ಇದ್ದಾರೆ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಕಾಲೇಜಿಗೆ ಹೆಸರಾದ ಸಂತ ಅಲೋಶಿಯಸರು ಪ್ಲೇಗ್ ರೋಗಿಗಳ ಆರೈಕೆ ಮಾಡಿ 1591ರಲ್ಲಿ, 23ರ ಪ್ರಾಯದಲ್ಲಿ ತೀರಿಕೊಂಡರು. ಅವರು ಯುವಜನರ ಪಾಲಕರು.

ಪ್ರಾರ್ಥನೆಯಿಂದಲೂ ಈ ಗೌರವ ದೊರೆಯುತ್ತದೆ. 1927ರಲ್ಲಿ ಸಂತ ಫ್ರಾನ್ಸಿಸ್ ಸಾವೇರಿಯವರ ಜೊತೆ ಮಿಷನ್‌ಗಳ ಪಾಲಕಿಯೆಂದು ಘೋಷಿತರಾದ ಸಂತ ತೆರೇಸಮ್ಮನವರು ಯಾವ ಮಿಷನ್ ನಾಡಿಗೂ ಹೋದವರಲ್ಲ. ಫ್ರಾನ್ಸಿನ ಲಿಸ್ಯೂ ಮಠದೊಳಗೇ ಇದ್ದು ಪ್ರಾರ್ಥಿಸಿದವರು.

ನಿಶ್ಚಯಿಸುವವರು ಯಾರು?

ಬಹುಪಾಲು ನಂಟುಗಳು ಜನರ ಭಕ್ತಿಯಿಂದ ಬಂದವು. ಆದರೆ ಅಧಿಕೃತವಾಗಿ ಪಾಲಕರೆನ್ನಲು ನಿಯಮವಿದೆ. 1630ರಲ್ಲಿ ಪೋಪ್ 8ನೇ ಅರ್ಬನ್ ಅವರ ಕಾಲದಲ್ಲಿ ಕಟ್ಟಳೆಯಾಯಿತು. 1973ರ ಮಾರ್ಚ್ 19ರಂದು ಹೊಸ ನಿಯಮಾವಳಿ ಹೊರಬಂತು. ಸಂಬಂಧಪಟ್ಟ ಜನರು ಆರಿಸಬೇಕು, ಧರ್ಮಾಧ್ಯಕ್ಷರು ಒಪ್ಪಬೇಕು, ರೋಮ್ ದೃಢೀಕರಿಸಬೇಕು. ಅಂದರೆ ಆಯ್ಕೆ ಆರಂಭವಾಗುವುದು ಜನರಿಂದಲೇ.

ತೆಂಗಿನ ನಾಡಿನಲ್ಲಿ

ತೆಂಗು ಕರಾವಳಿಯದ್ದು ಮಾತ್ರವಲ್ಲ. ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿದ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆ. ಹಾಲ್ಕುರಿಕೆಯಂತಹ ಊರುಗಳಿರುವ ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದಲ್ಲಿಟ್ಟು, ನೀರು ಇಂಗಿ ತಿರುಳು ಕರಟದಿಂದ ಬಿಟ್ಟ ಮೇಲೆ ಉಂಡೆ ಕೊಬ್ಬರಿ ತೆಗೆಯುತ್ತಾರೆ. ಕಾಯಿ ಕೀಳುವವರು, ಸುಲಿಯುವವರು, ಒಡೆಯುವವರು ಹೀಗೆ ಎಷ್ಟೋ ಕೈಗಳ ದುಡಿಮೆ ಅದರಲ್ಲಿದೆ. ಮರದಿಂದ ಬಿದ್ದವರ ಮನೆಯಲ್ಲಿ ಸಂಪಾದನೆ ಅಂದೇ ನಿಂತುಹೋಗುತ್ತದೆ.

ಇವರಿಗೆಂದೇ ನೇಮಕವಾದ ಪಾಲಕ ಸಂತರನ್ನು ನಾವು ಕಂಡಿಲ್ಲ. ಹತ್ತಿರದವರು ಇಬ್ಬರಿದ್ದಾರೆ.

ಒಬ್ಬರು ರೈತರ ಪಾಲಕರಾದ ಸಂತ ಇಸಿದೋರರು, ಹಬ್ಬ ಮೇ 15. ಸ್ಪೇನಿನ ಮ್ಯಾಡ್ರಿಡ್ ನಗರಕ್ಕೂ ಅವರೇ ಪಾಲಕರು. ಸ್ವಂತ ಜಮೀನಿಲ್ಲದೆ ಒಡೆಯನ ಹೊಲದಲ್ಲಿ ಕೂಲಿಗೆ ದುಡಿದ ಇವರನ್ನು 1622ರಲ್ಲಿ ಸಂತ ಇಗ್ನಾಸಿಯವರು, ಸಂತ ಫ್ರಾನ್ಸಿಸ್ ಸಾವೇರಿಯವರು ಮೊದಲಾದವರ ಜೊತೆ ಒಂದೇ ದಿನ ಸಂತರೆಂದು ಘೋಷಿಸಲಾಯಿತು.

ಇನ್ನೊಬ್ಬರು ಕಾರ್ಮಿಕರ ಪಾಲಕರಾದ ಸಂತ ಜೋಸೆಫರು. ಅವರ ಮೇ 1ರ ಹಬ್ಬವನ್ನು ಪೋಪ್ 12ನೇ ಪಿಯುಸ್ 1955ರಲ್ಲಿ ಸ್ಥಾಪಿಸಿದರು.

ನಾವು ಮಾಡಬಹುದಾದದ್ದು

ಪಾಲಕ ಸಂತರು ತಾಯಿತವಲ್ಲ. ಅವರು ನಮಗಾಗಿ ದೇವರಲ್ಲಿ ಬೇಡುವವರು, ಬದುಕಿಗೆ ಮಾದರಿಯಾದವರು. ಅವರ ಚಿತ್ರ ಜೇಬಿನಲ್ಲಿದೆಯೆಂದು ಹಳೆಯ ಹಗ್ಗದಲ್ಲಿ ಮರ ಏರುವುದು ಭಕ್ತಿಯಲ್ಲ.

ಮೇ 1 ಅಥವಾ 15ರಂದು ನಮ್ಮ ಧರ್ಮಕೇಂದ್ರಗಳಲ್ಲಿ ಮರ ಏರುವವರನ್ನು ಬಲಿಪೂಜೆಗೆ ಕರೆದು, ಅವರ ಕತ್ತಿ, ಹಗ್ಗ, ಏರುವ ಯಂತ್ರಗಳನ್ನು ಆಶೀರ್ವದಿಸಬಹುದು. ಅವರು ಯಾವ ಧರ್ಮದವರೇ ಆಗಿರಲಿ, ನಮ್ಮ ತೋಟದಲ್ಲಿ ದುಡಿಯುವವರು. ಅದೇ ದಿನ ವಾಳೆಯ ಗುರಿಕಾರರು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳಲಿ: ವಿಮೆ ಮಾಡಿಸಿದ್ದೀರಾ? ತೆಂಗು ಅಭಿವೃದ್ಧಿ ಮಂಡಳಿಯು ಮರ ಏರುವವರಿಗಾಗಿ ಕೇರ ಸುರಕ್ಷಾ ಎಂಬ ಅಪಘಾತ ವಿಮಾ ಯೋಜನೆಯನ್ನು ರೂಪಿಸಿದೆ. ಈಗಿನ ಕಂತು, ಪರಿಹಾರದ ವಿವರವನ್ನು ಮಂಡಳಿಯಿಂದಲೇ ಕೇಳಿ ತಿಳಿದು, ಅರ್ಜಿ ತುಂಬಲು ನೆರವಾದರೆ ಒಳ್ಳೆಯದು.

ಇಸಿದೋರರು ತಮ್ಮ ಊಟವನ್ನು ಬಡವರೊಡನೆ ಹಂಚಿಕೊಳ್ಳುತ್ತಿದ್ದರು ಎನ್ನುತ್ತದೆ ಪರಂಪರೆ. ಅವರ ಹಬ್ಬವನ್ನು ಆಚರಿಸಲು ಇದಕ್ಕಿಂತ ಸರಿಯಾದ ದಾರಿ ನಮಗೆ ತೋರುತ್ತಿಲ್ಲ.