ಹೇನಿಗೆ ಹುಳವೇ ಮದ್ದು
ಕಿಕ್ಕೇರಿ ಅಂದರೆ ನಿಮಗೆ ಕೆ.ಎಸ್. ನರಸಿಂಹಸ್ವಾಮಿ ನೆನಪಾಗಬಹುದು; ನನಗೆ ಕಬ್ಬೂ ನೆನಪಾಗುತ್ತೆ. 2002ರಲ್ಲಿ ಪಶ್ಚಿಮ ಮಹಾರಾಷ್ಟ್ರದ ಕಬ್ಬಿಗೆ ಬಿದ್ದ ಬಿಳಿ ಉಣ್ಣೆ ಹೇನು ಕರ್ನಾಟಕಕ್ಕೂ ಹಬ್ಬಿತು. ಅದು ಎಲೆಯ ಅಡಿಯಲ್ಲಿ ಕೂತು ರಸ ಹೀರೋ ಜೀವ. ಆಳೆತ್ತರದ ಗದ್ದೆಯೊಳಗೆ ನುಗ್ಗಿ ಔಷಧಿ ಹೊಡೆಯೋದೇ ಕಷ್ಟ. ಹೊಡೆದರೆ ಹೇನು ತಿನ್ನೋ ಹುಳಗಳೂ ಸಾಯ್ತವೆ. ಮೇಲಾಗಿ ಅದೇ ಸೋಗೆ ದನದ ಬಾಯಿಗೆ. ಕೊನೆಗೆ ಕೈಹಿಡಿದದ್ದು ಡೈಫಾ ಎಂಬ ಪತಂಗದ ಮರಿಹುಳ, ಮೈಕ್ರೋಮಸ್ ಎಂಬ ಪುಟ್ಟ ಕೀಟ. ವಿಜ್ಞಾನಿಗಳು ಇವನ್ನು ಸಾಕಿ ಗದ್ದೆಗೆ ಬಿಟ್ಟರು.

ನಿಮ್ಮ ಬಾಲ್ಕನಿಯ ಮಲ್ಲಿಗೆಗೂ ಇದೇ ಪಾಠ. ಆ ಹೂವಿಗೆ ಜೇನು ಬರುತ್ತೆ, ಆಮೇಲೆ ಅದು ಮುಡಿಗೇರುತ್ತೆ. ಸ್ಪ್ರೇ ಹಿಡಿಯೋ ಮುಂಚೆ ಎಲೆ ತಿರುಗಿಸಿ ನೋಡಿ. ಹೇನುಗಳ ನಡುವೆ ಗುಲಗಂಜಿ ಹುಳ ಕಂಡರೆ ಸುಮ್ಮನಿರಿ. ಅದು ಊಟ ಮಾಡ್ತಿದೆ.