ನಿತ್ಯಾರ್ಚನೆಗೆ ಬಿಟ್ಟ ದತ್ತಿಗಳು

ಪಂಚಕಲ್ಯಾಣ ಮಹೋತ್ಸವವು ಐದಾರು ದಿನಗಳಲ್ಲಿ ಮುಗಿಯುತ್ತದೆ. ಅದರ ಮರುದಿನ ಬೆಳಗಿನಿಂದ ಮೊದಲಾಗುವ ಅಭಿಷೇಕ, ಅಷ್ಟದ್ರವ್ಯದ ಅರ್ಚನೆ, ಸಂಜೆಯ ಆರತಿ ಇವುಗಳಿಗೆ ಕೊನೆಯೆಂಬುದಿಲ್ಲ. ಬಸದಿಯನ್ನು ಕಟ್ಟಿಸಿದವರ ಕೀರ್ತಿಯನ್ನು ಹಾಡುವ ಶಾಸನಗಳೇ, ಈ ನಿತ್ಯವಿಧಿಗಳಿಗೆ ಬೇಕಾದ ಹಾಲು, ಹೂವು, ಎಣ್ಣೆಗಳ ಲೆಕ್ಕವನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟಿವೆ. ಓದುಗರ ಕಣ್ಣು ಮಾತ್ರ ಸಾಮಾನ್ಯವಾಗಿ ಮೊದಲಿನ ಪ್ರಶಸ್ತಿಯಲ್ಲಿಯೇ ನಿಂತುಬಿಡುತ್ತದೆ.

ಐದನೆಯ ಶತಮಾನದ ಕದಂಬ ದೊರೆ ಮೃಗೇಶವರ್ಮನ ದೇವಗಿರಿಯ ತಾಮ್ರಶಾಸನವನ್ನು ನೋಡಬಹುದು. ಅರ್ಹಂತರ ಆಲಯವನ್ನು ಗುಡಿಸಿ ಸಾರಿಸುವುದಕ್ಕೆ, ಅರ್ಚಿಸುವುದಕ್ಕೆ, ಭಗ್ನವಾದುದನ್ನು ಸರಿಪಡಿಸುವುದಕ್ಕೆ ಎಂದು ಅದರಲ್ಲಿ ಭೂಮಿಯನ್ನು ಬಿಡಲಾಗಿದೆ. ಅರಸನೊಬ್ಬನು ಕಸಬರಿಕೆಯ ಕೆಲಸವನ್ನು ಪೂಜೆಯ ಸಾಲಿನಲ್ಲಿಯೇ ಇರಿಸಿದ್ದು ಸಣ್ಣ ಮಾತಲ್ಲ. ಇದೇ ವಂಶದ ರವಿವರ್ಮನ ತಮ್ಮ ಭಾನುವರ್ಮನ ಕಾಲದ ಹಲಸಿಯ ಶಾಸನವು, ಪ್ರತಿ ಹುಣ್ಣಿಮೆಯಂದು ಜಿನಾಭಿಷೇಕವು ತಪ್ಪದೆ ನಡೆಯಲೆಂದು 15 ನಿವರ್ತನ ಭೂಮಿಯನ್ನು ಕೊಟ್ಟುದನ್ನು ತಿಳಿಸುತ್ತದೆ.

ಹೊಯ್ಸಳರ ಕಾಲಕ್ಕೆ ಈ ಏರ್ಪಾಡು ಸ್ಥಿರವಾದ ರೂಪವನ್ನು ತಳೆಯಿತು. ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮೂರು ಉದ್ದೇಶಗಳು ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಜೊತೆಯಾಗಿ ಬರುತ್ತವೆ. ಪಟ್ಟಮಹಿಷಿ ಶಾಂತಲದೇವಿಯು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಮಾಡಿಸಿ ಮೊಟ್ಟೆನವಿಲೆ ಗ್ರಾಮವನ್ನು ಬಿಟ್ಟಳು. 1159ರಲ್ಲಿ ಒಂದನೆಯ ನರಸಿಂಹನು ಹುಳ್ಳರಾಜನ ಬಸದಿಗೆ ಭವ್ಯಚೂಡಾಮಣಿ ಎಂದು ಹೆಸರಿಟ್ಟು ಸವಣೇರು ಗ್ರಾಮವನ್ನು ದತ್ತಿಯಾಗಿತ್ತನು. ಇವೆಲ್ಲ ದೊಡ್ಡವರ ದಾನಗಳು. ಆದರೆ ಬೆಳಗೊಳದ ಹದಿಮೂರನೆಯ ಶತಮಾನದ ಕಿರುಶಾಸನಗಳಲ್ಲಿ ಕಾಣಿಸುವವರು ಸಾಮಾನ್ಯ ಶ್ರಾವಕರು. ಕೆಲವೇ ಗದ್ಯಾಣಗಳನ್ನು ಮೂಲಧನವಾಗಿ ಇರಿಸಿ, ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲು ಸಲ್ಲಬೇಕೆಂದು ಅವರು ಕಟ್ಟುಮಾಡಿದರು. ಹೂವಿನ ಪೂಜೆಗೆಂದು ವರ್ಷವರ್ಷವೂ ಹಣ ಒಪ್ಪಿಸಲು ವರ್ತಕರು ಮುಂದಾದರು. ಹಾಲು, ಹೂವುಗಳ ಪೂಜೆ ಈ ನಾಡಿನ ಬಸದಿಗಳಲ್ಲಿ ಎಷ್ಟು ಹಳೆಯದೆಂಬುದಕ್ಕೂ ಇವೇ ಸಾಕ್ಷಿ.

1368ರ ಬುಕ್ಕರಾಯನ ಶಾಸನವು ಜೈನ ವೈಷ್ಣವರ ವ್ಯಾಜ್ಯವನ್ನು ಪರಿಹರಿಸಿದುದಕ್ಕಾಗಿ ಪ್ರಸಿದ್ಧವಾಗಿದೆ. ಅದರ ಕೊನೆಯ ಭಾಗವನ್ನು ನೆನೆಯುವವರು ಕಡಮೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿಯನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಯಿಸಬೇಕೆಂದು ಅಲ್ಲಿ ವಿಧಿಸಿದೆ. ಹೊಣೆಯು ಒಬ್ಬ ದಾನಿಯಿಂದ ಮನೆಮನೆಗೆ ಹಂಚಿಹೋಯಿತು.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಪೂಜೆ ನಿಂತುಹೋದ ಕಾಲವೂ ಉಂಟು. ಬೆಳಗೊಳದ ಸ್ಥಾನಿಕರು ಕಷ್ಟಕ್ಕೆ ಸಿಕ್ಕಿ ದೇವರ ವೃತ್ತಿಭೂಮಿಗಳನ್ನು ವರ್ತಕರಲ್ಲಿ ಒತ್ತೆಯಿಟ್ಟಿದ್ದರು. ಒತ್ತೆ ಹಿಡಿದವರು ಬಹುಕಾಲ ಆ ಭೂಮಿಗಳನ್ನು ಅನುಭವಿಸಿದರು. ಗೊಮ್ಮಟನಾಥನ ಪೂಜೆಗೆ ಆಧಾರವಿಲ್ಲದಾಯಿತು. ಮೈಸೂರಿನ ಚಾಮರಾಜ ಒಡೆಯರು ಈ ಸಂಗತಿಯನ್ನು ವಿಚಾರಿಸಿ, ಸಾಲಗಾರರನ್ನು ಕರೆಯಿಸಿ, ಹಣವನ್ನು ತಾವೇ ತೀರಿಸುವೆವೆಂದರು. ಆಗ ಆ ವರ್ತಕರು ಹಣವನ್ನು ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಒತ್ತೆಯನ್ನು ಬಿಟ್ಟುಕೊಟ್ಟರು. 1634ರ ಈ ಶಾಸನದಲ್ಲಿ, ಇನ್ನು ಮುಂದೆ ದೇವರ ಭೂಮಿಯನ್ನು ಒತ್ತೆಯಿಡುವುದೂ ಹಿಡಿಯುವುದೂ ಕೂಡದೆಂಬ ಕಟ್ಟಳೆಯಿದೆ. ಸ್ವತಃ ಜೈನರಲ್ಲದ ಅರಸರ ಈ ಕಳಕಳಿಯೂ, ಲಾಭವನ್ನು ತೊರೆದ ಸಾಲಿಗರ ಮನಸ್ಸೂ ಯಾವ ಮಹಾದಾನಕ್ಕೂ ಕಡಮೆಯಲ್ಲ.

ಸ್ವಾತಂತ್ರ್ಯಾನಂತರ, 1955ರ ಮೈಸೂರು ಧಾರ್ಮಿಕ ಇನಾಮು ರದ್ದಿಯಾತಿ ಶಾಸನದಿಂದಲೂ 1974ರ ಭೂಸುಧಾರಣೆಯಿಂದಲೂ ಅನೇಕ ಬಸದಿಗಳ ಉಂಬಳಿ, ಗೇಣಿಗಳು ಕೈಬಿಟ್ಟವು. ಉಳುವವನಿಗೆ ನ್ಯಾಯ ದೊರೆತುದು ಸರಿಯೇ. ಆದರೆ ಅಕ್ಕಿ, ಎಣ್ಣೆಗಳಿಗೆ ಗೇಣಿಯನ್ನೇ ನಂಬಿದ್ದ ಸಣ್ಣ ಊರುಗಳ ಬಸದಿಗಳಲ್ಲಿ ಪುರೋಹಿತರ ಬಾಳು ಕಠಿಣವಾಯಿತು. ಇಂದು ಅಂತಹ ಹಲವು ಬಸದಿಗಳಲ್ಲಿ ಶ್ರಾವಕರು ನಿತ್ಯಪೂಜಾ ನಿಧಿಗೆ ಇಡುಗಂಟನ್ನು ಕೊಟ್ಟು, ತಮ್ಮ ಹಿರಿಯರ ಹೆಸರಿನಲ್ಲಿ ಒಂದು ದಿನದ ಅಭಿಷೇಕವನ್ನು ನಡೆಸುತ್ತಿದ್ದಾರೆ.