ಗಾರೆ ಕೆಲಸದವರ ಗಾರೆ ಎಲ್ಲಿ ಹೋಯ್ತು?

ನಮ್ಮ ಮನೆಯ ಹಜಾರದ ಪಶ್ಚಿಮದ ಗೋಡೆಗೆ ತೊಂಬತ್ತು ದಾಟಿದೆ. ಮುತ್ತಜ್ಜ ಬಸವನಗುಡಿಯಲ್ಲಿ ಸೈಟು ತಗೊಂಡು ಕಟ್ಟಿಸಿದ ಮನೆ ಇದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಜನ ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಕಡೆ ಹೊರಟರಲ್ಲ, ನಮ್ಮವರು ಆ ಸಾಲಿನಲ್ಲಿ ಸ್ವಲ್ಪ ತಡವಾಗಿ ಬಂದವರು.

ಮೂರು ವರ್ಷದ ಹಿಂದೆ ಆ ಗೋಡೆ ನೆಲದಿಂದ ಮೂರಡಿವರೆಗೆ ಒದ್ದೆಯಾಯ್ತು. ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರತೊಡಗಿತು. ಅಪ್ಪನದು ಒಂದೇ ಮಾತು: "ಮನೆ ಮುಗೀತು ಕಣೋ. ಬಿಲ್ಡರ್‌ಗೆ ಕೊಟ್ಬಿಡೋಣ." ಒಪ್ಪಂದದ ಕರಡು ಅಷ್ಟೊತ್ತಿಗಾಗಲೇ ಮನೆಗೆ ಬಂದಿತ್ತು. ನಾಲ್ಕು ಫ್ಲೋರು, ನಮಗೆ ಎರಡು. ನಾನು ಎರಡು ವೀಕೆಂಡ್ ಟೈಮ್ ಕೊಡಿ ಅಂದೆ. ಯೂಟ್ಯೂಬ್ ನೋಡಿ, ಹಳೇ ಬಣ್ಣ ಕೆರೆದು, ಪುಟ್ಟಿ ಬಳಿದು, ವಾಟರ್‌ಪ್ರೂಫ್ ಪೇಂಟ್ ಹೊಡೆದು, ಫ್ಯಾಮಿಲಿ ಗ್ರೂಪಿಗೆ ಫೋಟೋನೂ ಹಾಕಿದೆ. ಮಳೆಗಾಲ ಮುಗಿಯೋ ಹೊತ್ತಿಗೆ ಒದ್ದೆ ಮೂರಡಿಯಿಂದ ನಾಲ್ಕೂವರೆ ಅಡಿಗೆ ಏರಿತ್ತು.

ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ತಾತ ಒಂದು ದಿನ ಬಂದು ನೋಡಿದರು. ವಯಸ್ಸಲ್ಲಿ ಗಾರೆ ಕೆಲಸ ಮಾಡಿದವರು. ಗೋಡೆ ಮೇಲೆ ಬೆರಳಿಂದ ಬಡಿದರು. ಡೊಳ್ಳು ಸದ್ದು ಬಂತು. "ಒಳಗಿರೋದು ಸುಣ್ಣದ ಗೋಡೆ ಸ್ವಾಮಿ. ಮೇಲೆ ಸಿಮೆಂಟ್ ಬಳಿದಿದೀರಾ. ಅದು ಬೆವರೋದೆಲ್ಲಿಂದ?"

ಆ ಪ್ರಶ್ನೆಯಿಂದ ಉಳಿ, ಸುತ್ತಿಗೆ ಹಿಡಿದೆ. ಮೊದಲು ಉದುರಿದ್ದು ನನ್ನದೇ ಪುಟ್ಟಿ. ಅದರ ಹಿಂದೆ ಬೂದು ಬಣ್ಣದ ಸಿಮೆಂಟ್ ಪ್ಲಾಸ್ಟರ್; 1991ರಲ್ಲಿ ಅತ್ತೆ ಮದುವೆಗೆ ಅಂತ ಅಪ್ಪ ಪಿಎಫ್ ಸಾಲ ತೆಗೆದು ಮಾಡಿಸಿದ್ದು. ಅದರ ಹಿಂದೆ ಈರುಳ್ಳಿ ಸಿಪ್ಪೆಯ ಹಾಗೆ ಒಂದರ ಮೇಲೊಂದು ಸುಣ್ಣದ ಪದರ: ಬಿಳಿ, ತಿಳಿ ನೀಲಿ, ಕಾವಿ, ಮತ್ತೆ ಬಿಳಿ. ಎಣಿಸೋಕೆ ಹೋಗಿ ಹದಿನೆಂಟಕ್ಕೆ ಬಿಟ್ಟೆ. ವರ್ಷಕ್ಕೊಂದು ಹಬ್ಬ, ಹಬ್ಬಕ್ಕೊಂದು ಪದರ. ಎಲ್ಲದರ ಹಿಂದೆ ಉಗುರಲ್ಲಿ ಕೆರೆದರೆ ಉದುರುವ, ಕೆಂಪು ಕಣಗಳಿದ್ದ ಮೆತ್ತನೆಯ ಗಾರೆ, ಆಮೇಲೆ ಇಟ್ಟಿಗೆ.

ನಾವು ಇವತ್ತಿಗೂ ಮೇಸ್ತ್ರಿ ಜೊತೆ ಬರೋರನ್ನ 'ಗಾರೆ ಕೆಲಸದವರು' ಅಂತೀವಿ. ಅವರು ಕಲಸೋದು ಮಾತ್ರ ಸಿಮೆಂಟು. ಗಾರೆ ಅಂದರೆ ಮೂಲದಲ್ಲಿ ಸುಣ್ಣ, ಮರಳು ಸೇರಿಸಿ ಅರೆದದ್ದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತೆ. ಸುಟ್ಟ ಹರಳನ್ನು ನೀರಿಗೆ ಹಾಕಿ ಅರಳಿಸಿ, ವಾರಗಟ್ಟಲೆ ಕೊಳೆಹಾಕಿ, ಮರಳಿನ ಜೊತೆ ಗಾಣದಲ್ಲಿ ಅರೆದು ಗೋಡೆಗೆ ಬಳಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತೆ. ನೆಲದಲ್ಲಿ ದುಂಡಗೆ ಕಲ್ಲಿನ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಚಕ್ರ, ಅದನ್ನು ಎಳೆಯೋಕೆ ಎತ್ತು: ಹಳೇ ಕೋಟೆ, ದೇವಸ್ಥಾನಗಳ ಆಸುಪಾಸಿನಲ್ಲಿ ಈ ಸುಣ್ಣದ ಗಾಣ ಈಗಲೂ ಕಾಣಸಿಗುತ್ತೆ. ಕೆಲವು ಕಡೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಕೂಡ ಸೇರಿಸ್ತಿದ್ದರು. ನಮ್ಮ ಗೋಡೆಯ ಕೆಂಪು ಕಣ ಇಟ್ಟಿಗೆ ಪುಡಿ, ಅಂದರೆ ಸುರ್ಕಿ. ಸುರ್ಕಿ ಬೆರೆತ ಗಾರೆ ನೀರಿನಲ್ಲೂ ಗಟ್ಟಿಯಾಗುತ್ತೆ.

ಇದನ್ನ ಹಳ್ಳಿ ಕಾಲದ ಕಥೆ ಅಂತ ತಳ್ಳಿಹಾಕೋ ಮುಂಚೆ ವೀಕೆಂಡಿಗೆ ಹೋಗ್ತೀವಲ್ಲ, ಆ ಕೆಆರ್‌ಎಸ್ ನೆನಪಿಸಿಕೊಳ್ಳಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರೋದು ಕಲ್ಲು ಮತ್ತು ಸುರ್ಕಿ ಗಾರೆಯ ಮೇಲೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನದೂ ಸುಣ್ಣ-ಸುರ್ಕಿಯೇ. ಸಿಮೆಂಟ್ ಗೊತ್ತಿರಲಿಲ್ಲ ಅಂತಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲೇ. ಆದರೆ ನಮ್ಮಲ್ಲಿ ಅದು ಬಹುಕಾಲ ಹಡಗಿನಲ್ಲಿ ಬರೋ ದುಬಾರಿ ಸಾಮಾನು. ಪೋರಬಂದರಿನ ಕಾರ್ಖಾನೆಯಿಂದ ಸಿಮೆಂಟ್ ಹೊರಬಂದದ್ದು 1914ರಲ್ಲಿ, ಹಲವು ಕಂಪನಿಗಳು ಸೇರಿ ಎಸಿಸಿ ಆದದ್ದು 1936ರಲ್ಲಿ.

ಸಿಮೆಂಟ್ ಗೆದ್ದದ್ದು ಮೋಸದಿಂದ ಅಲ್ಲ, ಅದನ್ನು ಒಪ್ಕೋಬೇಕು. ಗಂಟೆಗಳಲ್ಲಿ ಬಿಗಿಯುತ್ತೆ, ಗಾಣ ಬೇಡ, ಎತ್ತು ಬೇಡ, ಚೀಲ ಬಿಚ್ಚಿ ಕಲಸಿದರಾಯ್ತು. ಆದರೆ ಅದರ ಮೇಲಿನ ಮೋಹ ಬೆಳೆದದ್ದು ಸಿಗದೇ ಇದ್ದದ್ದರಿಂದ ಅಂತ ನನಗನ್ನಿಸುತ್ತೆ. ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಲಿದ್ದ ಕಾಲದಲ್ಲಿ ಮನೆ ರಿಪೇರಿಗೂ ಪರ್ಮಿಟ್ ಬೇಕಿತ್ತು. ಹತ್ತು ಚೀಲಕ್ಕೆ ಅರ್ಜಿ ಹಾಕಿ ಆರಕ್ಕೆ ಮಂಜೂರಾಯ್ತು ಅಂತ ಅಪ್ಪ ಈಗಲೂ ಹೇಳ್ತಾರೆ. ಸಿಮೆಂಟ್ ಹಂಚಿಕೆಯ ವಿವಾದದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯೊಬ್ಬರು 1982ರಲ್ಲಿ ರಾಜೀನಾಮೆ ಕೊಟ್ಟರು ಅಂದರೆ ನೀವೇ ಲೆಕ್ಕ ಹಾಕಿ. ಅದೇ ವರ್ಷ ನಿಯಂತ್ರಣ ಅರ್ಧ ಸಡಿಲವಾಯ್ತು, 1989ರಲ್ಲಿ ಪೂರ್ತಿ ಹೋಯ್ತು. ಎರಡು ವರ್ಷಕ್ಕೆ ನಮ್ಮ ಹಜಾರಕ್ಕೆ ಸಿಮೆಂಟ್ ಬಂತು. ಗೋಡೆಗಷ್ಟೇ ಅಲ್ಲ, ಹೊರಗಿನ ಅಂಗಳಕ್ಕೂ, ಗೋಡೆಯ ಬುಡದವರೆಗೆ. ಇನ್ನು ಯುಗಾದಿಗೆ ಸುಣ್ಣ ಹೊಡೆಯೋ ತಾಪತ್ರಯ ಇಲ್ಲ ಅಂತ ಅಜ್ಜಿ ಎಲ್ಲರಿಗೂ ಹೇಳಿಕೊಂಡು ಬಂದರಂತೆ.

ತಾಪತ್ರಯ ಅಲ್ಲಿಂದಲೇ ಶುರುವಾದದ್ದು. ಹಳೇ ಇಟ್ಟಿಗೆ ಗೋಡೆ ನೆಲದ ನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತೆ. ಸುಣ್ಣದ ಮೈಯಿಂದ ಅದು ಆವಿಯಾಗಿ ಹೋಗ್ತಿತ್ತು. ಮೇಲಿನ ಪದರ ಅಷ್ಟಿಷ್ಟು ಉದುರಿದರೆ ಮುಂದಿನ ಹಬ್ಬಕ್ಕೆ ಮನೆಯವರೇ ಬಳೀತಿದ್ದರು. ಸಿಮೆಂಟ್ ಆ ದಾರಿ ಮುಚ್ಚಿತು. ಅಂಗಳಕ್ಕೂ ಸಿಮೆಂಟ್ ಬಿದ್ದ ಮೇಲೆ ಮಣ್ಣಿನ ತೇವಕ್ಕೆ ಉಳಿದದ್ದು ಗೋಡೆಯೊಂದೇ. ಅದರ ಮೇಲೆ ನನ್ನ ವಾಟರ್‌ಪ್ರೂಫ್ ಬಣ್ಣ, ಬೆವರುವ ಮೈಗೆ ರೈನ್‌ಕೋಟ್ ತೊಡಿಸಿದ ಹಾಗೆ.

ಇದನ್ನ ಅಪ್ಪನಿಗೆ ಹೇಳೋದು ಸಿಮೆಂಟ್ ಕೆತ್ತೋದಕ್ಕಿಂತ ಕಷ್ಟವಾಯ್ತು. ಅವರ ಪಿಎಫ್ ದುಡ್ಡು ಅದು. "ಹಾಗಾದ್ರೆ ಮನೆ ಹಾಳು ಮಾಡಿದ್ದು ನಾನೇ ಅಂತೀಯಾ?" ಅಂದರು. ನಾಲ್ಕು ದಿನ ಮಾತಿಲ್ಲ.

ಐದನೇ ದಿನ ಬೆಳಗ್ಗೆ ಅಂಗಳದಿಂದ ಸುತ್ತಿಗೆ ಸದ್ದು. ಗೋಡೆಯ ಬುಡದ ಉದ್ದಕ್ಕೂ ಒಂದಡಿ ಅಗಲ ಸಿಮೆಂಟ್ ಒಡೀತಿದ್ದರು. ಅಲ್ಲಿಗೆ ಜಲ್ಲಿ ತುಂಬಿದ್ವಿ. ಒಳಗಿನ ಪ್ಲಾಸ್ಟರ್ ಪೂರ್ತಿ ಕೆತ್ತಿ, ಗೋಡೆಯನ್ನು ಬರೀ ಮೈಯಲ್ಲಿ ಒಂದು ಬೇಸಿಗೆ ಒಣಗೋಕೆ ಬಿಟ್ವಿ. ಮೇಲೆ ಕೂತ ಬಿಳಿ ಉಪ್ಪನ್ನು ವಾರಕ್ಕೊಮ್ಮೆ ಬ್ರಷ್‌ನಲ್ಲಿ ಉಜ್ಜಿ ತೆಗೆಯೋದು ನನ್ನ ಪಾಲಿನ ಕೆಲಸ.

ನೀವೂ ಸುಣ್ಣ ಅರಳಿಸೋಕೆ ಹೊರಟರೆ ಪ್ಲಾಸ್ಟಿಕ್ ಬಕೆಟ್ ಬೇಡ. ಕುದಿಯೋ ಬಿಸಿಗೆ ನಂದು ಸೊಟ್ಟಗಾಯ್ತು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಹರಳು. ತಿರುಗಾಮುರುಗಾ ಮಾಡಿದರೆ ಮುಖಕ್ಕೆ ಸಿಡಿಯುತ್ತೆ. ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಅನ್ನೋ ಮಾತು ಗಾದೆಯಲ್ಲಿರಲಿ, ಕನ್ನಡಕ ಹಾಕ್ಕೊಳ್ಳಿ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ತೆಳ್ಳಗೆ ಮೂರು ಸಲ. ಕರಣೆ ಹಿಡಿಯೋಕೆ ವಾಚ್‌ಮನ್ ತಾತ ಕಲಿಸಿದರು. ನನ್ನ ಕೈಯಿನ ಭಾಗ ಯಾವುದು, ಅವರದ್ದು ಯಾವುದು ಅಂತ ಬಾಗಿಲಿಂದಲೇ ಗೊತ್ತಾಗುತ್ತೆ.

ಒಂದು ಮಳೆಗಾಲ ಕಳೆದಿದೆ. ಬುಡದಲ್ಲಿ ಗೇಣುದ್ದ ತೇವ ಇದೆ, ಮೇಲೆ ಹತ್ತಿಲ್ಲ. ಅಡುಗೆಮನೆ ಗೋಡೆ ಇನ್ನೂ ಸಿಮೆಂಟೇ. ಒಪ್ಪಂದದ ಕರಡು ಟೀವಿ ಕೆಳಗಿನ ಡ್ರಾಯರಿನಲ್ಲಿದೆ. ಅಪ್ಪ ಅದನ್ನು ಹರಿದೂ ಇಲ್ಲ, ಸಹಿಯೂ ಮಾಡಿಲ್ಲ. ಈ ಯುಗಾದಿಗೆ ಹಜಾರಕ್ಕೆ ಇಬ್ಬರೂ ಸುಣ್ಣ ಹೊಡೆದ್ವಿ. ಅಪ್ಪ ನೀಲಿ ಸ್ವಲ್ಪ ಜಾಸ್ತಿ ಹಾಕಿಬಿಟ್ಟರು.